ವಿನ್ಯಾಸಯೋಗದಲ್ಲಿ ಉಸಿರಿನ ಸ್ಥಾನ

ಆಸನದಿಂದ ಆಸನಕ್ಕೆ ಉಸಿರಿನೊಡನೆ ಸಾಗುವ ಯೋಗಾಭ್ಯಾಸವು ಇಂದು ದೇಶವಿದೇಶಗಳಲ್ಲಿ ಪ್ರಚುರವಾಗಿದೆ. ಆದರೆ ಇದರ ಕ್ರಮವನ್ನು ನಿರೂಪಿಸಿದ ಎರಡು ಮುಖ್ಯ ಗ್ರಂಥಗಳು ಮೊದಲು ಕನ್ನಡದಲ್ಲಿಯೇ ರಚಿತವಾದುವೆಂಬುದನ್ನು ನಾವೇ ಮರೆತಂತಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ಆರಂಭಿಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ರಚಿಸಿದರು. ಅವರ ಶಿಷ್ಯರೂ ಹಾಸನ ಸೀಮೆಯವರೂ ಆದ ಕೆ. ಪಟ್ಟಾಭಿ ಜೋಯಿಸರ ‘ಯೋಗಮಾಲಾ’ 1962ರಲ್ಲಿ ಪ್ರಕಟವಾಯಿತು.

‘ವಿನ್ಯಾಸ’ವೆಂದರೆ ಇಲ್ಲಿ ಒಂದೊಂದು ಚಲನೆಯನ್ನು ಒಂದೊಂದು ಪೂರಕದೊಡನೆಯೋ ರೇಚಕದೊಡನೆಯೋ ಜೋಡಿಸುವುದು. ಜೋಯಿಸರ ಪದ್ಧತಿಯ ಸೂರ್ಯನಮಸ್ಕಾರದ ಮೊದಲ ಬಗೆಯಲ್ಲಿ ಇಂತಹ 9 ವಿನ್ಯಾಸಗಳೂ ಎರಡನೆಯದರಲ್ಲಿ 17 ವಿನ್ಯಾಸಗಳೂ ಇವೆ. ಕೈಗಳನ್ನು ಮೇಲೆತ್ತುವಾಗ ಪೂರಕ. ಮುಂದಕ್ಕೆ ಬಾಗುವಾಗ ರೇಚಕ. ಈ ನಿಯಮಕ್ಕೆ ಶರೀರರಚನೆಯಲ್ಲಿಯೇ ಆಧಾರವಿದೆ. ಉಸಿರನ್ನು ಒಳಗೆಳೆದಾಗ ವಪೆಯು ಕೆಳಗಿಳಿದು ಪಕ್ಕೆಲುಬುಗಳು ಅಗಲುತ್ತವೆ. ಎತ್ತಿದ ತೋಳುಗಳು ಆ ವಿಸ್ತಾರಕ್ಕೆ ನೆರವಾಗುತ್ತವೆ. ಬಾಗಿದಾಗ ಹೊಟ್ಟೆ ಅದುಮಲ್ಪಟ್ಟು ವಪೆಯು ಮೇಲೇರುವುದರಿಂದ ಉಸಿರು ಹೊರಹೋಗಲು ಅನುಕೂಲವಾಗುತ್ತದೆ. ಪೂರಕದಲ್ಲಿ ತುಸು ಚುರುಕಾಗುವ ಹೃದಯದ ಬಡಿತ ರೇಚಕದಲ್ಲಿ ನಿಧಾನಗೊಳ್ಳುತ್ತದೆ. ಮೂಲಬಂಧವು ಕಟಿಯ ತಳದ ಸ್ನಾಯುಗಳನ್ನೂ ಉಡ್ಡೀಯಾನಬಂಧವು ಕೆಳಹೊಟ್ಟೆಯನ್ನೂ ಬಿಗಿಗೊಳಿಸಿ ನಡುವಿಗೆ ಆಧಾರ ನೀಡುತ್ತವೆ.

ಆಸನ, ಉಸಿರುಗಳೊಡನೆ ಮೂರನೆಯದಾಗಿ ಸೇರುವುದು ದೃಷ್ಟಿ. ನಾಸಾಗ್ರ, ಭ್ರೂಮಧ್ಯ, ನಾಭಿ, ಅಂಗುಷ್ಠ ಮೊದಲಾದ 9 ನೆಲೆಗಳನ್ನು ಈ ಪರಂಪರೆ ಹೇಳುತ್ತದೆ. ದೇಹದ ಸಮತೋಲನಕ್ಕೆ ಒಳಗಿವಿಯೊಡನೆ ಕಣ್ಣೂ ಸಾಧನವಾದುದರಿಂದ, ನೋಟ ಒಂದೆಡೆ ನಿಂತರೆ ನಿಲುವು ಸ್ಥಿರವಾಗುತ್ತದೆ. ಅಲೆಯುವ ಮನಸ್ಸಿಗೂ ಒಂದು ಕಟ್ಟು ದೊರೆಯುತ್ತದೆ.

ಅಧ್ಯಾಪಕನಾಗಿದ್ದಾಗ ನಾನು ಶಾಲೆಯ ಬಯಲಿನಲ್ಲಿ ಸೀಟಿ ಊದಿ ಮಕ್ಕಳಿಂದ ಸೂರ್ಯನಮಸ್ಕಾರ ಮಾಡಿಸಿದ್ದುಂಟು. ಎಣಿಕೆ ಒಮ್ಮೆಯೂ ತಪ್ಪಲಿಲ್ಲ. ಉಸಿರನ್ನು ಮಾತ್ರ ಕಲಿಸಲಿಲ್ಲ. ಮಕ್ಕಳು ಏದುಸಿರು ಬಿಡುತ್ತ ಸೀಟಿಯನ್ನು ಹಿಂಬಾಲಿಸಿದರು. ನಿವೃತ್ತಿಯ ಬಳಿಕ ‘ಯೋಗಮಾಲಾ’ವನ್ನು ಓದಿದಾಗ, ಎಣಿಕೆಯಿರುವುದೇ ಉಸಿರಿಗಾಗಿ ಎಂಬುದು ಮನದಟ್ಟಾಯಿತು. ಅಂದು ನಾನು ಮಾಡಿಸಿದ್ದು ಕವಾಯತು; ಯೋಗವಲ್ಲ.

ಚಾಮರಸನ ‘ಪ್ರಭುಲಿಂಗಲೀಲೆ’ಯ ಗೋರಕ್ಷನ ಪ್ರಸಂಗ ವಾಚಕರಿಗೆ ಸುಪರಿಚಿತ. ವಜ್ರದಂತಹ ಕಾಯವನ್ನು ಸಾಧಿಸಿದ್ದ ಗೋರಕ್ಷನಿಗೆ ಕತ್ತಿಯ ಪೆಟ್ಟು ನಾಟಲಿಲ್ಲ. ಅದೇ ಕತ್ತಿ ಅಲ್ಲಮಪ್ರಭುವಿನ ಮೈಯಲ್ಲಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಕಾಯಸಿದ್ಧಿಯ ಗರ್ವ ಇಳಿಯಿತು. ದೇಹದಾರ್ಢ್ಯವೇ ಯೋಗದ ಗುರಿಯಲ್ಲವೆಂಬ ಆ ಮಾತು ಇಂದಿನ ಅಭ್ಯಾಸಿಗಳಿಗೂ ಸಲ್ಲತಕ್ಕದ್ದು. ಮಕ್ಕಳಿಗೆ ಯೋಗ ಕಲಿಸುವ ಅಧ್ಯಾಪಕರು ಸೀಟಿಯನ್ನು ಬದಿಗಿಟ್ಟು ಮೊದಲು ಪೂರಕ ರೇಚಕಗಳನ್ನು ಕಲಿಸುವಂತಾಗಲಿ ಎಂದು ಪ್ರಾರ್ಥಿಸುತ್ತೇನೆ.