ದ್ರಾಕ್ಷಾಮದ್ಯದ ಬಣ್ಣನೆ ಮತ್ತು ‘ಒಗರು’

ದ್ರಾಕ್ಷಾಮದ್ಯದ ಗುಣವನ್ನು ಮಾತಿನಲ್ಲಿ ಹಿಡಿದಿಡುವ ಯತ್ನ ಪ್ರಾಚೀನವಾದುದು. ಕೌಟಿಲ್ಯನ ಅರ್ಥಶಾಸ್ತ್ರವು ಈ ಮದ್ಯವನ್ನು ‘ಮಧು’ವೆಂದು ಕರೆದು, ಹುಟ್ಟಿದ ನಾಡೇ ಅದರ ವಿವರಣೆಯೆಂದು ಬಗೆದು, ‘ಕಾಪಿಶಾಯನ’, ‘ಹಾರಹೂರಕ’ ಎಂಬ ಎರಡು ಹೆಸರುಗಳನ್ನು ಕೊಡುತ್ತದೆ. ಕಾಪಿಶಿಯು ಇಂದಿನ ಅಫ್ಘಾನಿಸ್ತಾನದ ಬೆಗ್ರಾಮ್ ಪರಿಸರದಲ್ಲಿದ್ದ ನಗರ. ಕ್ರಿ.ಶ. 1ನೆಯ ಶತಮಾನದಲ್ಲಿ ರೋಮಿನ ಪ್ಲಿನಿಯು ಫಲೇರ್ನಿಯನ್ ಮದ್ಯವನ್ನು ಒಗರಾದುದು, ಸಿಹಿಯಾದುದು, ತೆಳುವಾದುದು ಎಂದು ಮೂರಾಗಿ ವಿಂಗಡಿಸಿದನು. ಇಲ್ಲಿ ನಾಡಿನ ಹೆಸರಿನೊಡನೆ ನಾಲಗೆಯ ಅನುಭವವೂ ಸೇರಿತು.

ಪರಿಮಳಗಳಿಗೆ ಸರ್ವಸಮ್ಮತ ಪದಾವಳಿಯೊಂದನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಆನ್ ನೋಬಲ್ ಮತ್ತು ಸಂಗಡಿಗರು 1984ರಲ್ಲಿ ಮುಂದಿಟ್ಟರು. ಬರಿಯ ಮೆಚ್ಚುಗೆಯ ಮಾತುಗಳನ್ನು ಕೈಬಿಟ್ಟು, ಲವಂಗ, ಕರಿಮೆಣಸು, ಗುಲಾಬಿ, ಜೇನು, ಒಣಹುಲ್ಲುಗಳಂಥ ಪರಿಚಿತ ವಸ್ತುಗಳ ಹೆಸರನ್ನು ಅವರು ಚಕ್ರಾಕಾರದಲ್ಲಿ ಜೋಡಿಸಿದರು.

ಆ ಚಕ್ರ ಪರಿಮಳಕ್ಕೆ ಸೀಮಿತ. ಕೆಂಪು ಮದ್ಯದ ಇನ್ನೊಂದು ಗುಣ ಅದರಾಚೆಗಿದೆ. ದ್ರಾಕ್ಷಿಯ ಸಿಪ್ಪೆ, ಬೀಜಗಳ ಟ್ಯಾನಿನ್ ಜೊಲ್ಲಿನ ಪ್ರೋಟೀನುಗಳೊಡನೆ ಕೂಡಿ ಬಾಯನ್ನು ಒಣಗಿಸಿ ಬಿಗಿಯುತ್ತದೆ. ಇದನ್ನು ಆಧುನಿಕ ವಿಜ್ಞಾನವು ಬಹುಮಟ್ಟಿಗೆ ಸ್ಪರ್ಶವೆಂದು ಎಣಿಸಿದರೆ, ಆಯುರ್ವೇದವು ‘ಕಷಾಯ’ವೆಂದು ಷಡ್ರಸಗಳಲ್ಲಿ ಸೇರಿಸಿತು. ಕನ್ನಡದಲ್ಲಿ ಇದು ಒಗರು. ಆದವಾನಿಯ ಕನ್ನಡಿಗರ ನೆರೆಯ ತೆಲುಗರಿಗೆ ‘ವಗರು’, ತಾಳವಾಡಿಯ ತಮಿಳರಿಗೆ ‘ತುವರ್ಪ್ಪು’, ದ್ರಾಕ್ಷಿ ಬೆಳೆಯುವ ಸೊಲ್ಲಾಪುರ, ಜತ್ತ ಸೀಮೆಗಳ ಮರಾಠಿಗರಿಗೆ ‘ತುರಟ’. ಅಡಕೆ, ನೆಲ್ಲಿಕಾಯಿಗಳಿಂದ ನಾಲಗೆಗೆ ಪರಿಚಿತವಾದ ಈ ಮಾತುಗಳು ಬಳಕೆಯಲ್ಲಿ ಉಳಿದಷ್ಟು ಕಾಲ, ಮದ್ಯದ ಈ ಗುಣವನ್ನು ಬಣ್ಣಿಸಲು ಗಡಿನಾಡಿನವರು ಎರವಲು ಪದವನ್ನು ಅರಸಬೇಕಾಗಿಲ್ಲ.