ಕ್ರೆಡಿಟ್ ಕಾರ್ಡ್ ಬಿಲ್ ತಕರಾರು

ಬಿಲ್ಲಿನಲ್ಲಿ ಕಂಡ ತಪ್ಪು ಮೊತ್ತವನ್ನು, ಅಥವಾ ತಾನು ಮಾಡದ ಖರ್ಚನ್ನು ಒಪ್ಪದೆ ಕಾರ್ಡುದಾರ ಬ್ಯಾಂಕಿಗೆ ಸಲ್ಲಿಸುವ ದೂರು. ಹೋಟೆಲಿನಲ್ಲಿ 640 ರೂಪಾಯಿಗೆ ಕಾರ್ಡನ್ನು ಎರಡು ಸಲ ಉಜ್ಜಿದ್ದು, ವಾಪಸು ಕೊಟ್ಟ ಸಾಮಾನಿನ ಹಣ ಜಮೆಯಾಗದಿರುವುದು ಸಾಮಾನ್ಯ ತಪ್ಪುಗಳು. ಅಂಗಡಿಯ ಬೋರ್ಡಿನಲ್ಲಿ ಒಂದು ಹೆಸರು, ಬಿಲ್ಲಿನಲ್ಲಿ ಅದರ ಕಂಪನಿಯ ಇನ್ನೊಂದು ಹೆಸರು ಇರುವುದೂ ಉಂಟು. ಆದ್ದರಿಂದ ಮೊದಲು ರಸೀದಿಯೊಂದಿಗೆ ತಾಳೆ ನೋಡಬೇಕು.

ಅನಧಿಕೃತ ವ್ಯವಹಾರಗಳ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಗ್ರಾಹಕರಿಗೆ ದೊಡ್ಡ ಆಸರೆಯಾಯಿತು. ಬ್ಯಾಂಕಿನದಾಗಲಿ ಗ್ರಾಹಕರದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ವಂಚನೆಯಾಗಿದ್ದು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ. 4ರಿಂದ 7 ಕೆಲಸದ ದಿನವಾದರೆ, 5 ಲಕ್ಷದವರೆಗಿನ ಮಿತಿಯ ಕಾರ್ಡಿಗೆ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ದೂರು ಬಂದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕು, 90 ದಿನಗಳಲ್ಲಿ ತೀರ್ಮಾನಿಸಬೇಕು. ಎಲ್ಲಕ್ಕಿಂತ ಮುಖ್ಯವಾದುದು, ತಪ್ಪು ಗ್ರಾಹಕರದೆಂದು ಸಾಬೀತುಪಡಿಸುವ ಹೊರೆಯನ್ನು ಸುತ್ತೋಲೆ ಬ್ಯಾಂಕಿನ ಮೇಲೆಯೇ ಇಟ್ಟಿದೆ. ಹೆದರಿ ಸುಮ್ಮನಾಗುವ ಹಿರಿಯರಿಗೆ ಇದನ್ನು ತಿಳಿಸಿ ಹೇಳಬೇಕು.

ಒಟಿಪಿ ಹೇಳಿಬಿಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಗ್ರಾಹಕರದೇ, ಅನಂತರದ್ದು ಬ್ಯಾಂಕಿನದು. ಹಾಗಾಗಿ ನಾಚಿಕೊಂಡು ತಡಮಾಡಬಾರದು.

ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ವಂಚನೆ ಕಂಡ ಕೂಡಲೇ ಕಾರ್ಡನ್ನು ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.