ಪ್ಲಗ್ಗಿನ ಎಳೆಗಳೂ ನಮ್ಮೂರಿನ ಲೇತೂ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ ಇಷ್ಟೇ ಅಲ್ಲವೆಂದು ತರಗತಿಯಲ್ಲಿ ನಾನು ಪದೇಪದೇ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅದಕ್ಕೊಂದು ನಿದರ್ಶನವಾಗಿ ಇಂದು 14 ಮಿಲಿಮೀಟರ್ ಅಗಲದ ಒಂದು ರಂಧ್ರದ ಚರಿತ್ರೆಯನ್ನು ಬರೆಯುತ್ತಿದ್ದೇನೆ. ಅದು ಪೆಟ್ರೋಲ್ ಕಾರಿನ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಕೂರುವ ರಂಧ್ರ.

ಜರ್ಮನಿಯ ಬಾಷ್ ಸಂಸ್ಥೆಯಲ್ಲಿ ಗೊಟ್‌ಲೋಬ್ ಹೊನೊಲ್ಡ್ ಎಂಬ ಎಂಜಿನಿಯರು 1902ರಲ್ಲಿ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನು ಸಿದ್ಧಪಡಿಸಿದ ಮೇಲೆ ಮೋಟಾರು ವಾಹನದ ಚರಿತ್ರೆಯೇ ಬದಲಾಯಿತು. ಅದೇ ಸಂಸ್ಥೆಯ ಸಹಯೋಗದ ಮೈಕೋ 1951ರಲ್ಲಿ ಸ್ಥಾಪನೆಯಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ತೆರೆಯಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾದರೂ, ನಮ್ಮ ಕಡೆಯ ಹಿರಿಯ ಮೆಕ್ಯಾನಿಕ್ಕರ ಬಾಯಲ್ಲಿ ಪ್ಲಗ್ ಎಂದರೆ ಮೈಕೋ ಪ್ಲಗ್ಗೇ.

ಪ್ಲಗ್ಗಿನ ಮೈ ಉಕ್ಕಿನದು. ಅಂಬಾಸಿಡರ್ ಕಾರಿನ ಸಿಲಿಂಡರ್ ಹೆಡ್ ಎರಕದ ಕಬ್ಬಿಣದ್ದಾದ್ದರಿಂದ ಗಟ್ಟಿಗೆ ಗಟ್ಟಿ ಜೋಡಿಯಾಗಿ ಬಾಳುತ್ತಿತ್ತು. 1964ರಲ್ಲಿ ಬಂದ ಫಿಯಟ್ 1100 ಡಿಲೈಟ್‌ನದೂ, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ತಳೆದ ಅದೇ ವಂಶದ ಕಾರಿನದೂ ಅಲ್ಯೂಮಿನಿಯಂ ಹೆಡ್. ಮೆತ್ತನೆಯ ಆ ಲೋಹದಲ್ಲಿ ಕೊರೆದ ಎಳೆಗಳ ನಡುವಣ ಅಂತರ ಕೇವಲ 1.25 ಮಿ.ಮೀ. ಎಂಜಿನ್ ಬಿಸಿಯಿರುವಾಗಲೇ ಪ್ಲಗ್ ಬಿಚ್ಚಿದರೆ, ಓರೆಯಾಗಿ ಕೂರಿಸಿ ಪಾನಾದಿಂದ ಒತ್ತಾಯಿಸಿದರೆ, ಬಿಗಿಯಾಗಲೆಂದು ಇನ್ನೊಂದು ಸುತ್ತು ಹೆಚ್ಚಾಗಿ ತಿರುಗಿಸಿದರೆ, ಉಕ್ಕು ಅಲ್ಯೂಮಿನಿಯಂ ಎಳೆಗಳನ್ನು ಕಿತ್ತುಕೊಂಡೇ ಹೊರಬರುತ್ತಿತ್ತು. ‘ಥ್ರೆಡ್ ಹೋಯಿತು’ ಎಂಬ ಎರಡು ಮಾತು ಕೇಳಿ ಮುಖ ಕಪ್ಪಿಟ್ಟ ಟ್ಯಾಕ್ಸಿ ಚಾಲಕರನ್ನು ನಾನು ಕಂಡಿದ್ದೇನೆ.

ಹೊಸ ಹೆಡ್ ಹಾಕಿಸಬಾರದಿತ್ತೆ ಎಂದು ಇಂದಿನ ಕಿರಿಯರು ಕೇಳಬಹುದು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಗಾಗಿ ಪಟ್ಟ ಪಾಡು ಮೈಸೂರು ಸಂಸ್ಥಾನದಲ್ಲಿ ಫಲಿಸಲಿಲ್ಲ. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಸಂಸ್ಥೆ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಸ್ವಾತಂತ್ರ್ಯಾನಂತರದ ಆಮದು ನಿರ್ಬಂಧ ಮತ್ತು ಪರವಾನಗಿಯ ದಿನಗಳಲ್ಲಿ ಕಾರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಕೈಸೇರಿದ ಕಾರು ತಂದೆಯಿಂದ ಮಗನಿಗೆ ಸಲ್ಲುತ್ತಿತ್ತು. ಅಂತಹ ಹಳೆಯ ಗಾಡಿಗೆ ಹೊಸ ಹೆಡ್ ಕೊಳ್ಳುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಆದ್ದರಿಂದ ರಿಪೇರಿ ಎಂಬುದು ಆ ಕಾಲದ ಅರ್ಥಶಾಸ್ತ್ರವೇ ಆಗಿತ್ತು.

ಈ ವಿದ್ಯೆಯಲ್ಲಿ ಮೂರು ಮೆಟ್ಟಿಲುಗಳಿದ್ದವು. ಎಳೆ ಸ್ವಲ್ಪವೇ ಕೆಟ್ಟಿದ್ದರೆ, ಹಳೆಯ ಪ್ಲಗ್ಗೊಂದರ ಎಳೆಗಳ ಮೇಲೆ ಉದ್ದಕ್ಕೆ ಮೂರ್ನಾಲ್ಕು ಗಾಡಿಗಳನ್ನು ಗರಗಸದಿಂದ ಕೊರೆದು, ಆ ಗಾಡಿಗಳಿಗೆ ಗ್ರೀಸ್ ತುಂಬಿ, ಮೆಲ್ಲಮೆಲ್ಲನೆ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಿದ್ದರು. ಎಳೆ ಸರಿಯಾಗುತ್ತಿತ್ತು, ಪುಡಿ ಗ್ರೀಸಿಗೆ ಅಂಟುತ್ತಿತ್ತು. ಖರ್ಚು ಏನೇನೂ ಇಲ್ಲ. ಎಳೆ ಪೂರ್ತಿ ಹೋಗಿದ್ದರೆ, ರಂಧ್ರವನ್ನು 16.5 ಮಿ.ಮೀ.ಗೆ ಹಿಗ್ಗಿಸಿ, 18 ಮಿ.ಮೀ. ಟ್ಯಾಪಿನಿಂದ ಹೊಸ ಎಳೆ ಕೊರೆದು, ಹೊರಗೆ 18 ಒಳಗೆ 14 ಮಿ.ಮೀ. ಎಳೆಯುಳ್ಳ ಉಕ್ಕಿನ ಬುಷ್ಷನ್ನು ಲೇತಿನಲ್ಲಿ ಕಡೆದು ಕೂರಿಸುವುದು ಎರಡನೆಯದು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಇವುಗಳಿಂದ ಲೇತುಗಳೂ ಅವನ್ನು ನಡೆಸಬಲ್ಲ ಕೈಗಳೂ ನಮ್ಮ ನಾಡಿನಲ್ಲಿ ಹೆಚ್ಚಿದ್ದರಿಂದಲೇ ಇದು ಸಾಧ್ಯವಾಯಿತು. ಮೂರನೆಯದು, ಸ್ಟೇನ್‌ಲೆಸ್ ಉಕ್ಕಿನ ತಂತಿಯ ಸುರುಳಿಯನ್ನು ಹಿಗ್ಗಿಸಿದ ರಂಧ್ರದೊಳಗೆ ತಿರುಗಿಸಿ ಅದನ್ನೇ ಹೊಸ ಎಳೆಯಾಗಿಸುವ ಹೆಲಿಕಾಯಿಲ್ ವಿಧಾನ. ಅದರ ವಿಶೇಷ ಟ್ಯಾಪ್ ಸಣ್ಣ ಊರುಗಳಲ್ಲಿ ಸುಲಭವಾಗಿ ದೊರೆಯುತ್ತಿರಲಿಲ್ಲ.

ತುಮಕೂರಿನ ಗುಬ್ಬಿ ಗೇಟಿನ ಕಡೆ ಒಂದು ಸಣ್ಣ ಕಾರ್ಯಾಗಾರವಿತ್ತು. 1980ರ ದಶಕದಲ್ಲೊಮ್ಮೆ ಕುಣಿಗಲ್ಲಿನ ಟ್ಯಾಕ್ಸಿಯೊಂದು ಈ ಕಾಯಿಲೆಯಿಂದಲೇ ಅಲ್ಲಿಗೆ ಬಂದಿತ್ತು. ಮದುವೆಯ ಕಾಲ, ಮರುದಿನ ಬೆಳಗ್ಗೆ ಬಾಡಿಗೆ ಗೊತ್ತಾಗಿತ್ತು, ಸಾಲದ ಕಂತೂ ಹತ್ತಿರದಲ್ಲಿತ್ತು. ಹೆಡ್ ಬಿಚ್ಚದೆ, ಪ್ಲಗ್ಗಿಗೆ ಅಂಟು ಸವರಿ ಹೇಗಾದರೂ ನಿಲ್ಲಿಸಿಕೊಡೆಂದು ಚಾಲಕ ಅಂಗಲಾಚಿದ. ಲೇತಿನ ಮುಂದಿದ್ದ ಹಿರಿಯ ಒಪ್ಪಲಿಲ್ಲ. ಹೆಡ್ ಬಿಚ್ಚದೆ ಕೊರೆದರೆ ಲೋಹದ ಚೂರುಗಳು ಸಿಲಿಂಡರಿನೊಳಗೆ ಬಿದ್ದು ಗೋಡೆಯನ್ನು ಗೀರುತ್ತವೆ. ಅಂಟಿನಿಂದ ನಿಂತ ಪ್ಲಗ್ ಒತ್ತಡಕ್ಕೆ ನಡುದಾರಿಯಲ್ಲಿ ಚಿಮ್ಮಿದರೆ ಮದುವೆಯ ಜನ ರಸ್ತೆಯ ಪಾಲು. ಬುಷ್ ಸಡಿಲವಾಗಿದ್ದರೂ ಕಷ್ಟವೇ: ಪ್ಲಗ್ಗಿನ ಶಾಖ ಎಳೆಗಳ ಮತ್ತು ಪೀಠದ ಮೂಲಕವೇ ಹೆಡ್ಡಿಗೆ ಹರಿಯಬೇಕು. ಬುಷ್ಷಿನ ಅಂಚು ದಹನಕೋಷದೊಳಗೆ ಚಾಚಿಕೊಂಡರೆ ಅದು ಕೆಂಡವಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲ್ ಆವಿಗೆ ಬೆಂಕಿ ಹೊತ್ತಿಸುತ್ತದೆ. ಇವನ್ನೆಲ್ಲ ಆತ ಚಾಲಕನಿಗೆ ತನ್ನದೇ ಮಾತುಗಳಲ್ಲಿ ವಿವರಿಸಿದ. ಬಾಡಿಗೆ ತಪ್ಪಿತು, ಚಾಲಕ ಗೊಣಗಿದ. ಆದರೆ ಹೊಸ ಹೆಡ್ಡಿನ ಬೆಲೆಯ ಅಲ್ಪಾಂಶದಲ್ಲಿ ಕೆಲಸ ಮುಗಿದು, ಆ ಕಾರು ಅನಂತರವೂ ಬಹುವರ್ಷ ಕುಣಿಗಲ್ ರಸ್ತೆಯಲ್ಲಿ ಓಡಾಡಿತು.

ಅಗ್ಗದ ಕೆಲಸವೆಲ್ಲ ಹಗುರವಾದ ಕೆಲಸವೆಂದು ತಿಳಿಯುವವರಿದ್ದಾರೆ. ಆ ಹಿರಿಯ ಉಳಿಸಿದ್ದು ಲೋಹದ ಖರ್ಚನ್ನು; ಅಳತೆಯಲ್ಲಾಗಲಿ ಸಮಯದಲ್ಲಾಗಲಿ ಅವನು ಜಿಪುಣತನ ತೋರಲಿಲ್ಲ. ಮೆತ್ತನೆಯ ಲೋಹಕ್ಕೆ ಉಕ್ಕಿನ ಎಳೆ ಕೊಡುವುದು ಬಡವರ ತೇಪೆಯೂ ಅಲ್ಲ. ತಂತಿಯ ಸುರುಳಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ಎಂಜಿನ್ನುಗಳಲ್ಲಿ ವ್ಯಾಪಕವಾಗಿ ಬಳಕೆಯಾಯಿತು. ಹಗುರ ಲೋಹದ ಭಾಗಗಳಿಗೆ ಆರಂಭದಲ್ಲೇ ಉಕ್ಕಿನ ಎಳೆ ಕೂರಿಸುವುದು ಇಂದು ವಿಮಾನೋದ್ಯಮದ ಮಾಮೂಲು ಕ್ರಮ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಪ್ರದೇಶದಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದಾಗ ನನಗೆ ಆ ಲೇತಿನ ಸದ್ದು ನೆನಪಾಯಿತು. 1940ರಲ್ಲಿ ಮೈಸೂರು ಸರ್ಕಾರದೊಡನೆ ಆ ಸಂಸ್ಥೆಯನ್ನು ಆರಂಭಿಸಿದವರೂ ಫಿಯಟ್ ಕಾರಿನ ಕಾರ್ಖಾನೆ ಕಟ್ಟಿದ ವಾಲ್‌ಚಂದರೇ.

ಪದ್ಮಿನಿಯ ತಯಾರಿಕೆ ನಿಂತು ಎರಡು ದಶಕಗಳು ಕಳೆದವು. 2014ರಲ್ಲಿ ಅಂಬಾಸಿಡರೂ ನಿಂತಿತು. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯೂ 2016ರಲ್ಲಿ ಮುಚ್ಚಿತು. ಕಾರ್ಖಾನೆಗಳಿಗೆ ದಾಖಲೆಗಳಿವೆ, ರಸ್ತೆಬದಿಯ ಲೇತುಗಳಿಗಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಐಟಿಐ ಓದಿ ಯಂತ್ರಗಳ ಮುಂದೆ ನಿಂತವರು. ನೀವು ಯಾರಿಂದ ಏನನ್ನು ಕಲಿತಿರೆಂಬುದನ್ನು, ಅಳತೆಗಳ ಸಹಿತ, ನಾಲ್ಕು ಪುಟ ಬರೆದಿಡಿ. ಶುದ್ಧ ಕನ್ನಡವೇ ಆಗಬೇಕೆಂದೇನಿಲ್ಲ. ಈ ಬಾರಿ ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ.